ನಕ್ಷೆಯಲ್ಲಿ ಪಾರ್ಕು, ನೆಲದಲ್ಲಿ ಜಾಲಿ



ನಮ್ಮ ಸೋದರಮಾವ ಒಬ್ಬರು ಚಿತ್ರದುರ್ಗ ಜಿಲ್ಲೆಯಲ್ಲಿ ಮೇಷ್ಟ್ರಾಗಿದ್ದವರು. ನಿವೃತ್ತಿಯಾದಾಗ ಬಂದ ದುಡ್ಡಲ್ಲಿ ಊರ ಹೊರಗಿನ ಒಂದು ಹೊಸ ಲೇಔಟಿನಲ್ಲಿ ಮೂವತ್ತು-ನಲವತ್ತರ ಸೈಟು ತಗೊಂಡರು. ಯಾವ ಊರು ಅಂತ ನಾನು ಹೇಳಲ್ಲ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಈ ನಾಲ್ಕು ಊರಲ್ಲಿ ಯಾವ ಊರಿನವರು ಕೇಳಿದರೂ "ಇದು ನಮ್ಮೂರಿಂದೇ ಬಿಡಿ" ಅಂತೀರಿ.

ಹೋದ ಸಲ ಊರಿಗೆ ಹೋದಾಗ ಮಾವ ಬಿಡಲಿಲ್ಲ. "ನೀನು ಎಂಜಿನಿಯರಿಂಗ್ ಓದಿದೋನು ಕಣೋ, ಟೀವೀಲಿ ಊರಿಗೆಲ್ಲ ಬುದ್ಧಿ ಹೇಳ್ತೀಯ, ಬಾ, ನನ್ನ ಸೈಟು ಒಂದ್ಸಲ ನೋಡು" ಅಂದರು. ಬೈಕಿನ ಸೀಟಿನ ಮೇಲೆ ಅನುಮೋದಿತ ನಕ್ಷೆ ಹರಡಿದ್ವಿ. ಸೈಟುಗಳೆಲ್ಲ ಹಳದಿ, ರಸ್ತೆ ಬೂದು, ಮಧ್ಯೆ ಒಂದು ದೊಡ್ಡ ಹಸಿರು ಚೌಕ. ಅದರ ಮೇಲೆ "ಉದ್ಯಾನವನ" ಅಂತ ಬರೆದಿದೆ. ನಾನು ತಲೆಯೆತ್ತಿ ನೋಡಿದೆ. ಸುತ್ತ ಆಳೆತ್ತರದ ಜಾಲಿ, ಒಂದು ಲೋಡು ಜಲ್ಲಿ, ಒಂದು ತಗಡಿನ ಶೆಡ್ಡು, ಅದರ ಮುಂದೆ ಎರಡು ಎಮ್ಮೆ.

"ಪಾರ್ಕ್ ಎಲ್ಲಿ ಮಾವ?"

"ನಾವು ನಿಂತಿರೋದೇ ಪಾರ್ಕು."

ನಗು ಬಂತು. ಆಮೇಲೆ ಲೆಕ್ಕ ಹಾಕಿದೆ, ನಗು ಹೋಯ್ತು. ಆ ಲೆಕ್ಕ ನಿಮಗೂ ಹೇಳ್ತೀನಿ, ಸ್ವಲ್ಪ ತಾಳ್ಮೆಯಿಂದ ಕೇಳಿ.

ಒಂದು ಎಕರೆ ಅಂದರೆ 40 ಗುಂಟೆ, ಅಂದರೆ 43,560 ಚದರಡಿ. ಹತ್ತು ಎಕರೆ ಜಮೀನಿನಲ್ಲಿ ಒಬ್ಬರು ಲೇಔಟ್ ಮಾಡ್ತಾರೆ ಅಂತ ಇಟ್ಟುಕೊಳ್ಳಿ. ಪೂರ್ತಿ ಹತ್ತು ಎಕರೆಯನ್ನೂ ಸೈಟು ಮಾಡಿ ಮಾರೋ ಹಾಗಿಲ್ಲ. ನಮ್ಮ ಜಿಲ್ಲಾ ಊರುಗಳಲ್ಲಿ ಸಾಮಾನ್ಯವಾಗಿ ಶೇ 10ರಷ್ಟು ಪಾರ್ಕ್ ಮತ್ತು ಖಾಲಿ ಜಾಗಕ್ಕೆ ಬಿಡಬೇಕು, ಶೇ 5ರಷ್ಟು ನಾಗರಿಕ ಸೌಲಭ್ಯಕ್ಕೆ ಬಿಡಬೇಕು. ಈ ಎರಡನೆಯದನ್ನೇ ಎಲ್ಲರೂ "ಸಿಎ ಸೈಟು" ಅನ್ನೋದು. ಶಾಲೆ, ಆಸ್ಪತ್ರೆ, ಅಂಚೆ ಕಚೇರಿ, ಪೊಲೀಸ್ ಠಾಣೆ ಇಂಥದ್ದಕ್ಕೆ ಮೀಸಲಾದ ಜಾಗ ಅದು. ರಸ್ತೆಗೆ ಬಿಟ್ಟ ಮೇಲೆ ಸೈಟು ಮಾಡಿ ಮಾರೋದಕ್ಕೆ ಉಳಿಯೋದು ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಹತ್ತು ಎಕರೆಯಲ್ಲಿ ಪಾರ್ಕ್ ಒಂದು ಎಕರೆ ಆಯ್ತಲ್ಲ, ಅದರಲ್ಲಿ ಮೂವತ್ತು-ನಲವತ್ತರ 36 ಸೈಟು ಆಗುತ್ತೆ. ಚದರಡಿಗೆ ಸಾವಿರ ರೂಪಾಯಿ ಅಂತ ಸುಮ್ಮನೆ ಲೆಕ್ಕಕ್ಕೆ ಹಿಡಿದರೆ 4 ಕೋಟಿ 35 ಲಕ್ಷ. ಎಮ್ಮೆ ಕಟ್ಟಿದ ಜಾಗದ ಬೆಲೆ ಇದು. ಹಸಿರು ಚೌಕದ ಮೇಲೆ ಯಾಕೆ ಯಾರ್ಯಾರಿಗೋ ಕಣ್ಣು ಬೀಳುತ್ತೆ ಅಂತ ಈಗ ಅರ್ಥ ಆಯ್ತಲ್ಲ?

ಜಾಗ ಬಿಟ್ಟರೆ ಮುಗೀತು ಅಂತಲ್ಲ, ದುಡ್ಡೂ ಕಟ್ಟಬೇಕು. ಕೃಷಿ ಭೂಮಿಯನ್ನು ಪರಿವರ್ತನೆ ಮಾಡಿಸಬೇಕು, ನಾವೆಲ್ಲ "ಅಲಿನೇಷನ್" ಅಂತೀವಲ್ಲ, ಅದು. 1964ರ ಭೂಕಂದಾಯ ಕಾಯ್ದೆಯ 95ನೇ ಕಲಂ. ಆಮೇಲೆ ನಕ್ಷೆ ಮಂಜೂರಾತಿ, ಅದು 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಡಿ. ಚಿತ್ರದುರ್ಗ ನಗರದ ವ್ಯಾಪ್ತಿಯಲ್ಲಿ ನಗರಾಭಿವೃದ್ಧಿ ಪ್ರಾಧಿಕಾರ ಇದೆ, ಅದು 1987ರ ಪ್ರಾಧಿಕಾರಗಳ ಕಾಯ್ದೆಯಡಿ ಬರುತ್ತೆ. ಸಣ್ಣ ಪಟ್ಟಣಗಳಲ್ಲಿ ಯೋಜನಾ ಪ್ರಾಧಿಕಾರ ಅಥವಾ ನಗರ ಯೋಜನಾ ಇಲಾಖೆ ನೋಡಿಕೊಳ್ಳುತ್ತೆ. ಈ ಮಂಜೂರಾತಿಯ ಹೊತ್ತಿಗೆ ಸುಧಾರಣಾ ಶುಲ್ಕ ಇದೆ, ಜೊತೆಗೆ 1961ರ ಕಾಯ್ದೆಯ 18-ಎ ಕಲಂ ಅಂತ ಒಂದಿದೆ. ಇದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಇದರ ಪ್ರಕಾರ ನೀರು ಸರಬರಾಜು ಯೋಜನೆಗೆ ಒಂದು ಸೆಸ್ ಹಾಕಬಹುದು, ವರ್ತುಲ ರಸ್ತೆಗೆ ಒಂದು ಸರ್ಚಾರ್ಜ್ ಹಾಕಬಹುದು, ಮತ್ತೆ, ಗಮನ ಇಟ್ಟು ಕೇಳಿ, ಕೊಳಗೇರಿ ಸುಧಾರಣೆಗೆ ಅಂತ ಇನ್ನೊಂದು ಸರ್ಚಾರ್ಜ್ ಹಾಕಬಹುದು.

ಕೊಳಗೇರಿ ಸುಧಾರಣೆಗೆ! ಅಂದರೆ ಊರಿನ ಒಂದು ತುದಿಯಲ್ಲಿ ಹೊಸ ಬಡಾವಣೆ ಎದ್ದರೆ, ಇನ್ನೊಂದು ತುದಿಯಲ್ಲಿ ತಗಡಿನ ಮನೆಯಲ್ಲಿರೋರಿಗೆ ಅದರಿಂದ ಏನೋ ಒಂದಷ್ಟು ಸಿಗಬೇಕು ಅನ್ನೋ ಯೋಚನೆ ನಮ್ಮ ಕಾನೂನಿನೊಳಗೇ ಕೂತಿದೆ. ಆದರೆ ನಿಮ್ಮ ವಾರ್ಡಿನ ಸದಸ್ಯರನ್ನು ನಿಲ್ಲಿಸಿ "ಸಾರ್, ಈ ವರ್ಷ ಲೇಔಟ್‌ಗಳಿಂದ ಸ್ಲಂ ಸರ್ಚಾರ್ಜ್ ಎಷ್ಟು ಬಂತು, ಯಾವ ಕೇರಿಗೆ ಖರ್ಚಾಯ್ತು?" ಅಂತ ಕೇಳಿ ನೋಡಿ. ನಾನು ನಮ್ಮ ಕಾರ್ಯಕ್ರಮಕ್ಕೆ ಬಂದ ಹಲವು ಸದಸ್ಯರನ್ನು ಕೇಳಿದ್ದೀನಿ. ಪಾಪ, ಅವರಿಗೇ ಗೊತ್ತಿರಲಿಲ್ಲ. ಒಬ್ಬರಂತೂ "ಹಂಗೊಂದು ಇದೆಯಾ?" ಅಂತ ನನ್ನನ್ನೇ ಕೇಳಿದರು.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಪಾರ್ಕು, ಸಿಎ ಸೈಟು, ಸೆಸ್ಸು ಇದೆಲ್ಲ ಡೆವಲಪರ್ ತನ್ನ ಜೇಬಿನಿಂದ ಕೊಟ್ಟ ದಾನ ಅಂತ ನಾವು ಅಂದುಕೊಂಡಿದ್ದೀವಿ. ಅದಕ್ಕೇ ಕೇಳೋಕೆ ಸಂಕೋಚ. ವ್ಯಾಪಾರಸ್ಥ ಯಾರಾದರೂ ಖರ್ಚನ್ನು ತನ್ನ ತಲೆ ಮೇಲೆ ಇಟ್ಕೋತಾನಾ? ಬಿಟ್ಟ ಒಂದೂವರೆ ಎಕರೆಯ ಬೆಲೆ ಉಳಿದ ಸೈಟುಗಳ ರೇಟಿನೊಳಗೆ ಸೇರಿರುತ್ತೆ. ನಮ್ಮ ಮಾವ ತನ್ನ 1,200 ಚದರಡಿಗೆ ದುಡ್ಡು ಕೊಟ್ಟಾಗ, ಎಮ್ಮೆ ಕಟ್ಟಿರೋ ಆ ಪಾರ್ಕಿನ ಒಂದು ತುಂಡಿಗೂ ದುಡ್ಡು ಕೊಟ್ಟಿದ್ದಾರೆ. ಸರ್ಚಾರ್ಜಿಗೂ ಕೊಟ್ಟಿದ್ದಾರೆ.

ಇನ್ನೊಂದು ಕಡೆಯಿಂದಲೂ ನೋಡಿ. ಹಿರಿಯೂರು ಹೆದ್ದಾರಿ ಪಕ್ಕದ ಹೊಲದ ಬೆಲೆ ಏರಿದ್ದು ಹೊಲದವರ ದುಡಿಮೆಯಿಂದಲೂ ಅಲ್ಲ, ಲೇಔಟಿನವರ ಜಾಣತನದಿಂದಲೂ ಅಲ್ಲ. ರಾಷ್ಟ್ರೀಯ ಹೆದ್ದಾರಿ 48 ಅಗಲ ಆಯ್ತು. ತುಮಕೂರು–ದಾವಣಗೆರೆ ನೇರ ರೈಲು ಮಾರ್ಗದ ಸುದ್ದಿ ಬಂತು. 2022ರಲ್ಲಿ ವಾಣಿವಿಲಾಸ ಸಾಗರ 89 ವರ್ಷದ ಮೇಲೆ ಕೋಡಿ ಬಿತ್ತು, ಭದ್ರಾ ಮೇಲ್ದಂಡೆಯ ಆಸೆ ಚಿಗುರಿತು. ಇಷ್ಟಕ್ಕೂ ಖರ್ಚಾದದ್ದು ತೆರಿಗೆ ದುಡ್ಡು. ಊರಿನ ದುಡ್ಡಿನಿಂದ ನೆಲದ ಬೆಲೆ ಏರಿದರೆ ಅದರಲ್ಲಿ ಒಂದು ಪಾಲು ಊರಿಗೆ ವಾಪಸ್ ಬರಬೇಕು ಅನ್ನೋದು ನ್ಯಾಯ. ಶುಲ್ಕ, ಸೆಸ್ಸು, ಪಾರ್ಕಿನ ಜಾಗ ಎಲ್ಲದರ ಹಿಂದಿನ ತರ್ಕ ಇಷ್ಟೇ.

ಹಾಗಾದರೆ ತಪ್ಪೋದು ಎಲ್ಲಿ? ಕಾಗದ ಮತ್ತು ನೆಲದ ನಡುವೆ.

ನಿಯಮದಲ್ಲಿ ಒಂದು ಒಳ್ಳೆ ಬೀಗ ಇದೆ. ನಕ್ಷೆ ಮಂಜೂರಾದ ತಕ್ಷಣ ಎಲ್ಲಾ ಸೈಟು ಮಾರೋ ಹಾಗಿಲ್ಲ, ಹಂತ ಹಂತವಾಗಿ ಬಿಡುಗಡೆ. "40-30-30" ಅಂತ ನೀವು ಕೇಳಿರಬಹುದು. ಮೊದಲು ಒಂದಿಷ್ಟು, ರಸ್ತೆ ಚರಂಡಿ ಆದ ಮೇಲೆ ಒಂದಿಷ್ಟು, ಕರೆಂಟು ನೀರು ಒಳಚರಂಡಿ ಪಾರ್ಕು ಎಲ್ಲಾ ಮುಗಿದ ಮೇಲೆ ಉಳಿದದ್ದು. ಕೆಲಸ ಮುಗಿಸದಿದ್ದರೆ ಕೊನೆ ಕಂತು ಕೈಗೆ ಸಿಗಬಾರದು, ಅದೇ ಬೀಗ. ಆ ಬೀಗ ತೆಗೆಯೋಕೆ ಒಂದು ಸ್ಥಳ ಪರಿಶೀಲನಾ ವರದಿ ಬೇಕು. ಟಾರಿನ ದಪ್ಪ ಎಷ್ಟು, ಚರಂಡಿಗೆ ಇಳಿಜಾರು ಇದೆಯಾ, ಓವರ್‌ಹೆಡ್ ಟ್ಯಾಂಕಿಗೆ ನೀರಿನ ಮೂಲ ಯಾವುದು, ಪಾರ್ಕಿಗೆ ಬೇಲಿ ಆಗಿದೆಯಾ, ಇಷ್ಟನ್ನು ಒಬ್ಬರು ಹೋಗಿ ಟೇಪು ಹಿಡಿದು ನೋಡಬೇಕು. ಟೇಪು ಹಿಡಿಯದೇ ವರದಿ ಬರೆದರೆ ಬೀಗ ತಾನಾಗಿ ತೆರೆದುಕೊಳ್ಳುತ್ತೆ. ನಾನು ಎಂಜಿನಿಯರಿಂಗ್ ಓದುವಾಗ ಸರ್ವೇ ಪ್ರಾಕ್ಟಿಕಲ್‌ಗೆ ಹಾಸ್ಟೆಲ್‌ನಲ್ಲೇ ಕೂತು ರೀಡಿಂಗ್ ಬರೆದವರು ಇದ್ದರು, ನಾನೂ ಒಂದ್ಸಲ ಬರೆದಿದ್ದೀನಿ. ಹಾಗಾಗಿ ಇದು ಹೇಗೆ ನಡೆಯುತ್ತೆ ಅಂತ ನನಗೆ ಗೊತ್ತು.

ಆಮೇಲೆ ಹಸ್ತಾಂತರ. ರಸ್ತೆ, ಪಾರ್ಕು, ಸಿಎ ಜಾಗ ಇವನ್ನೆಲ್ಲ ನೋಂದಾಯಿತ ಪತ್ರದ ಮೂಲಕ ಪ್ರಾಧಿಕಾರಕ್ಕೋ ಸ್ಥಳೀಯ ಸಂಸ್ಥೆಗೋ ಬಿಟ್ಟುಕೊಡಬೇಕು. ಕೊನೆಗೆ ಬಡಾವಣೆ ನಗರಸಭೆ, ಪುರಸಭೆಯ ಮಡಿಲಿಗೆ ಬರುತ್ತೆ. ಅವತ್ತಿನಿಂದ ಬೀದಿ ದೀಪ, ಕಸ, ಗುಂಡಿ ಎಲ್ಲ ಪುರಸಭೆಯ ಖರ್ಚು. ಅಂದರೆ ಅರ್ಧಂಬರ್ಧ ಬಡಾವಣೆಯನ್ನು ಕಣ್ಣುಮುಚ್ಚಿ ತಗೊಂಡರೆ, ಡೆವಲಪರ್ ಮಾಡಬೇಕಿದ್ದ ಚರಂಡಿಯನ್ನು ಹಳೇ ಊರಿನವರ ಮನೆ ಕಂದಾಯದಲ್ಲಿ ಮಾಡಿಸಿದ ಹಾಗೆ. ಇನ್ನೊಂದು ಅಪಾಯ, ಪತ್ರವೇ ನೋಂದಣಿಯಾಗದೆ ಉಳಿದರೆ ಪಹಣಿಯಲ್ಲಿ ಹಳೇ ಮಾಲೀಕರ ಹೆಸರೇ ಕೂತಿರುತ್ತೆ. ಹತ್ತು ವರ್ಷದ ಮೇಲೆ ಅವರ ಮಕ್ಕಳು ಬಂದು "ಇದು ನಮ್ಮಪ್ಪನ ಜಮೀನು" ಅಂತಾರೆ.

ಪಾರ್ಕಿನ ವಿಷಯದಲ್ಲಿ ಕೋರ್ಟು ಗಟ್ಟಿಯಾಗಿ ಮಾತಾಡಿದೆ. ಬೆಂಗಳೂರಿನ ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಪಾರ್ಕಿಗೆ ಮೀಸಲಿಟ್ಟ ಜಾಗವನ್ನು ಖಾಸಗಿ ಆಸ್ಪತ್ರೆ ಕಟ್ಟೋಕೆ ಒಂದು ಟ್ರಸ್ಟಿಗೆ ಕೊಟ್ಟಿದ್ದರು. ಅಲ್ಲಿನ ನಿವಾಸಿಗಳು ಕೋರ್ಟಿಗೆ ಹೋದರು. 1991ರಲ್ಲಿ ಸುಪ್ರೀಂ ಕೋರ್ಟ್ ನಿವಾಸಿಗಳ ಪರ ತೀರ್ಪು ಕೊಟ್ಟಿತು. ಬೆಂಗಳೂರು ಮೆಡಿಕಲ್ ಟ್ರಸ್ಟ್ ಪ್ರಕರಣ ಅಂತ ದೇಶದ ಕಾನೂನು ಕಾಲೇಜುಗಳಲ್ಲೆಲ್ಲ ಅದನ್ನು ಪಾಠ ಮಾಡ್ತಾರೆ. ಆಸ್ಪತ್ರೆಗೇ ಕೊಡೋ ಹಾಗಿಲ್ಲ ಅಂದಮೇಲೆ ಎಮ್ಮೆ ಶೆಡ್ಡಿಗೆ ಕೊಡಬಹುದಾ?

ಪ್ರಾಮಾಣಿಕವಾಗಿ ಲೇಔಟ್ ಮಾಡೋರ ಗೋಳೂ ಇದೆ, ಅದನ್ನು ಮುಚ್ಚಿಡಲ್ಲ. ಕಾನೂನು ಪ್ರಕಾರ ಹೋದವರ ಫೈಲು ಟೇಬಲ್ಲಿಂದ ಟೇಬಲ್ಲಿಗೆ ತಿರುಗುತ್ತಲೇ ಇರುತ್ತೆ, ಬಡ್ಡಿ ಬೆಳೀತಾ ಇರುತ್ತೆ. ಪಕ್ಕದ ಹೊಲದಲ್ಲಿ ಇನ್ನೊಬ್ಬರು ಒಂದು ಜೆಸಿಬಿ ತಂದು, ಸುಣ್ಣದ ಗೆರೆ ಎಳೆದು, ರೆವಿನ್ಯೂ ಸೈಟು ಅಂತ ಮಾರಿ ಮುಗಿಸಿರ್ತಾರೆ. ಅಲ್ಲಿ ಪಾರ್ಕೂ ಇಲ್ಲ, ಸೆಸ್ಸೂ ಇಲ್ಲ. ಇಂಥ ಬಡಾವಣೆಗಳನ್ನು ಸಕ್ರಮ ಮಾಡೋ ಅಕ್ರಮ-ಸಕ್ರಮ ಯೋಜನೆಗೆ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. 2025ರಲ್ಲಿ ರಾಜ್ಯದ ಪಟ್ಟಣಗಳಲ್ಲೆಲ್ಲ ಬಿ-ಖಾತಾ ಅಭಿಯಾನ ನಡೀತು, ಜನ ಕ್ಯೂ ನಿಂತರು. ಬಿ-ಖಾತಾದಿಂದ ತೆರಿಗೆ ಕಟ್ಟೋಕೆ ದಾರಿಯಾಯ್ತು, ಅಷ್ಟೇ. ಬಿಡದೇ ಇದ್ದ ಪಾರ್ಕು ಅದರಿಂದ ಹುಟ್ಟಿಬರಲ್ಲ.

ಈಗ ಬಡವರ ಮನೆ ವಿಷಯಕ್ಕೆ ಬರೋಣ, ನನಗೆ ಇವತ್ತು ಹೇಳಬೇಕಿದ್ದದ್ದೇ ಅದು.

ನಮ್ಮ ಫೋನ್-ಇನ್ ಕಾರ್ಯಕ್ರಮಕ್ಕೆ ಹಿರಿಯೂರು ಕಡೆಯಿಂದ ಒಬ್ಬ ತಾಯಿ ಕರೆ ಮಾಡಿದ್ದರು. ನಾಲ್ಕು ಮನೆ ಕೆಲಸ ಮಾಡ್ತಾರೆ, ಬಾಡಿಗೆ ಮನೆ. "ಮನೆ ಕಟ್ಟೋಕೆ ಸರ್ಕಾರ ದುಡ್ಡು ಕೊಡ್ತದೆ ಅಂತೀರಿ ಸಾರ್, ಅರ್ಜಿ ಹಾಕಕ್ಕೆ ಹೋದ್ರೆ ಸೈಟಿನ ಖಾತೆ ತಗೊಂಡು ಬಾ ಅಂತಾರೆ. ಸೈಟಿದ್ದಿದ್ರೆ ನಾನ್ಯಾಕೆ ಬರ್ತಿದ್ದೆ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಬ್ರೇಕ್ ತಗೊಂಡೆ.

ಆ ತಾಯಿ ಹೇಳಿದ್ದು ನೂರಕ್ಕೆ ನೂರು ಸರಿ. 2015ರ ಜೂನ್ 25ರಂದು ಶುರುವಾದ ಪ್ರಧಾನಮಂತ್ರಿ ಆವಾಸ್ ಯೋಜನೆಯ ನಗರ ವಿಭಾಗದಲ್ಲಿ, ಫಲಾನುಭವಿ ತಾನೇ ಮನೆ ಕಟ್ಟಿಕೊಳ್ಳೋ ವಿಭಾಗಕ್ಕೆ ಕೇಂದ್ರದಿಂದ ಒಂದೂವರೆ ಲಕ್ಷ ಸಹಾಯಧನ ಇತ್ತು. 2024ರ ಸೆಪ್ಟೆಂಬರ್‌ನಿಂದ ಅದರ ಎರಡನೇ ಆವೃತ್ತಿ ಬಂದಿದೆ. ರಾಜ್ಯದ ಕಡೆಯಿಂದ ರಾಜೀವ್ ಗಾಂಧಿ ವಸತಿ ನಿಗಮದ ಮೂಲಕ ವಾಜಪೇಯಿ ನಗರ ವಸತಿ, ಅಂಬೇಡ್ಕರ್ ನಿವಾಸ್ ಯೋಜನೆಗಳಿವೆ. ಎಲ್ಲ ಸರಿ, ಆದರೆ ಇಟ್ಟಿಗೆ ಸಿಮೆಂಟಿಗೆ ದುಡ್ಡು ಕೊಡ್ತಾರೆ, ಕಾಲೂರೋಕೆ ನೆಲ? ನೆಲವೇ ಇಲ್ಲದವರಿಗೆ ಆಶ್ರಯ ನಿವೇಶನ ಒಂದೇ ಗತಿ. ಅದಕ್ಕೆ ಸರ್ಕಾರಿ ಜಮೀನು ಹುಡುಕಬೇಕು. ಊರ ಹತ್ತಿರ ಸಿಗಲ್ಲ, ದೂರದ ಗುಡ್ಡದ ಬುಡದಲ್ಲೋ ಗೋಮಾಳದಲ್ಲೋ ಸಿಗುತ್ತೆ. ಅಲ್ಲಿಂದ ನಾಲ್ಕು ಮನೆ ಕೆಲಸಕ್ಕೆ ಬರೋಕೆ ದಿನಕ್ಕೆ ಆಟೋಗೆ ಎಷ್ಟಾಗುತ್ತೆ, ಹೇಳಿ.

ಬೇರೆ ಕಡೆ ಏನು ಮಾಡ್ತಾರೆ? ಹರಿಯಾಣದಲ್ಲಿ 1975ರ ಕಾಯ್ದೆಯಡಿ ಪರವಾನಗಿ ಪಡೆದ ನಿವೇಶನ ಬಡಾವಣೆಗಳಲ್ಲಿ ಶೇ 20ರಷ್ಟು ಸೈಟು ಆರ್ಥಿಕವಾಗಿ ಹಿಂದುಳಿದವರಿಗೆ ಬಿಡಬೇಕು. ನಾನು ನೋಡಿದ ನಮ್ಮ ಜಿಲ್ಲೆಯ ಖಾಸಗಿ ಲೇಔಟ್ ನಕ್ಷೆಗಳಲ್ಲಿ ಅಂಥ ಒಂದು ಗೆರೆಯೂ ಕಾಣಲಿಲ್ಲ. ಅದೇ ಹತ್ತು ಎಕರೆಯ ಲೆಕ್ಕಕ್ಕೆ ವಾಪಸ್ ಹೋಗಿ. ಮಾರೋಕೆ ಉಳಿಯೋದು ಶೇ 55 ಅಂತ ಹಿಡಿಯಿರಿ. ಅದರಲ್ಲಿ ಹತ್ತನೇ ಒಂದು ಭಾಗವನ್ನು ಇಪ್ಪತ್ತು-ಮೂವತ್ತರ ಸೈಟು ಮಾಡಿದರೆ 39 ಕುಟುಂಬಕ್ಕೆ ಜಾಗ. ಒಂದೇ ಲೇಔಟಿನಲ್ಲಿ! ಕೆಲಸಕ್ಕೆ ಹೋಗೋ ಮನೆಯ ಎರಡು ಬೀದಿ ಆಚೆ.

ಇಂಗ್ಲೆಂಡಿನಲ್ಲಿ 1990ರ ಯೋಜನಾ ಕಾಯ್ದೆಯ 106ನೇ ಕಲಂ ಅಂತಿದೆ. ಮನೆ ಕಟ್ಟೋ ಕಂಪನಿ ಮತ್ತು ಸ್ಥಳೀಯ ಕೌನ್ಸಿಲ್ ಕೂತು ಒಪ್ಪಂದ ಬರೆದುಕೊಳ್ತಾರೆ. ಇಷ್ಟು ಕಡಿಮೆ ಬೆಲೆಯ ಮನೆ, ಶಾಲೆಗೆ ಇಷ್ಟು ದುಡ್ಡು, ಹೀಗೆ. ಅಲ್ಲೂ ಕಂಪನಿಗಳು "ನಮಗೆ ಲಾಭ ಗಿಟ್ಟಲ್ಲ" ಅಂತ ಲೆಕ್ಕ ತೋರಿಸಿ ಜಾರಿಕೊಳ್ಳೋಕೆ ನೋಡ್ತಾರೆ, ಎಲ್ಲ ಕಡೆ ಮನುಷ್ಯರು ಮನುಷ್ಯರೇ. ಆದರೆ ಒಂದು ವಿಷಯ ನನಗೆ ಹಿಡಿಸಿತು. 2020ರಿಂದ ಹೀಗೆ ವಂತಿಗೆ ಪಡೆಯೋ ಕೌನ್ಸಿಲ್ಲುಗಳು ಪ್ರತಿ ವರ್ಷ ಡಿಸೆಂಬರ್ 31ರೊಳಗೆ ಒಂದು ಲೆಕ್ಕಪತ್ರ ಪ್ರಕಟಿಸಬೇಕು. ಎಷ್ಟು ಒಪ್ಪಂದ ಆಯ್ತು, ಎಷ್ಟು ಬಂತು, ಎಷ್ಟು ಖರ್ಚಾಯ್ತು, ಎಷ್ಟು ಬಾಕಿ. ಯಾರು ಬೇಕಾದರೂ ನೋಡಬಹುದು.

ನಮ್ಮ ನಗರಸಭೆ, ಪುರಸಭೆಗಳಿಗೆ ಇದನ್ನು ಮಾಡೋಕೆ ಏನು ಅಡ್ಡಿ? ಅಡ್ಡಿ ಇದೆ, ಅದು ಮೇಲಿಂದ ಇದೆ. 1992ರ ಸಂವಿಧಾನದ 74ನೇ ತಿದ್ದುಪಡಿ 12ನೇ ಅನುಸೂಚಿಯಲ್ಲಿ 18 ವಿಷಯ ಪಟ್ಟಿ ಮಾಡಿತು. ನಗರ ಯೋಜನೆ, ಭೂ ಬಳಕೆ, ಕೊಳಗೇರಿ ಸುಧಾರಣೆ, ಪಾರ್ಕು ಎಲ್ಲ ಅದರಲ್ಲಿವೆ. ಕಾಗದದಲ್ಲಿ ನಿಮ್ಮ ವಾರ್ಡ್ ಸದಸ್ಯರು ದೊಡ್ಡ ಮನುಷ್ಯರು. ಆದರೆ ಲೇಔಟ್ ನಕ್ಷೆ ಮಂಜೂರಾಗೋದು ಪ್ರಾಧಿಕಾರದಲ್ಲಿ, ಅದರ ಅಧ್ಯಕ್ಷರನ್ನು ನೇಮಿಸೋದು ರಾಜ್ಯ ಸರ್ಕಾರ. ಆಶ್ರಯ ಮನೆ ಯಾರಿಗೆ ಅಂತ ಪಟ್ಟಿ ಮಾಡೋದು ಆಶ್ರಯ ಸಮಿತಿ, ಅದರ ಅಧ್ಯಕ್ಷರು ಶಾಸಕರು. ವಾರ್ಡ್ ಸದಸ್ಯರಿಗೆ ಉಳಿದದ್ದು ಬಲ್ಬು ಮತ್ತು ಬೈಗುಳ.

ಸಾಲದ್ದಕ್ಕೆ ಕುರ್ಚಿಯೇ ಖಾಲಿ. 2018ರಲ್ಲಿ ಗೆದ್ದ ರಾಜ್ಯದ ಬಹಳಷ್ಟು ನಗರ ಸಂಸ್ಥೆಗಳ ಸದಸ್ಯರು ಅಧ್ಯಕ್ಷ–ಉಪಾಧ್ಯಕ್ಷ ಮೀಸಲಾತಿಯ ಗೊಂದಲದಿಂದ 2020ರ ಕೊನೆಯವರೆಗೆ ಕಾಯಬೇಕಾಯ್ತು. 2023ರಲ್ಲಿ ಮೊದಲ ಅವಧಿ ಮುಗಿದ ಮೇಲೆ ಮತ್ತೆ 2024ರವರೆಗೆ ಕಾದರು. ಈ ನಡುವೆ ಆಡಳಿತಾಧಿಕಾರಿಗಳದ್ದೇ ಆಡಳಿತ. ಅವರಿಗೆ ಹತ್ತು ಕೆಲಸ, ಲೇಔಟಿನ ಪಾರ್ಕಿಗೆ ಬೇಲಿ ಇದೆಯಾ ಅಂತ ನೋಡೋದು ಹನ್ನೊಂದನೆಯದು. ಲೇಔಟುಗಳು ಮಾತ್ರ ಯಾರಿಗೂ ಕಾಯಲಿಲ್ಲ.

ಇದರ ಬೆಲೆ ಕೊಡೋರು ಯಾರು? 2023ರ ಆಗಸ್ಟ್ ಮೊದಲ ವಾರ ನಮ್ಮ ಸ್ಟುಡಿಯೋದಲ್ಲಿ ಓದಿದ ಸುದ್ದಿ ನನಗಿನ್ನೂ ನೆನಪಿದೆ. ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರಿನ ಪ್ರಕರಣ. ಹತ್ತಾರು ಜನ ಆಸ್ಪತ್ರೆ ಸೇರಿದರು, ಜೀವಗಳು ಹೋದವು. ಅದಕ್ಕೂ ಲೇಔಟ್ ಸೆಸ್ಸಿಗೂ ನೇರ ಸಂಬಂಧ ಇದೆ ಅಂತ ನಾನು ಹೇಳ್ತಾ ಇಲ್ಲ. ಆದರೆ ನೀರಿನ ಹೆಸರಲ್ಲಿ, ಕೊಳಗೇರಿ ಹೆಸರಲ್ಲಿ ಬಂದ ದುಡ್ಡು ಯಾವ ಪೈಪಿಗೆ ಹೋಯ್ತು ಅಂತ ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ ಅಂತ ಕೇಳೋ ಹಕ್ಕು ಆ ಹಟ್ಟಿಯ ಜನಕ್ಕಿದೆ.

ಸರಿ, ಮನೆಯಲ್ಲಿ ಕೂತು ನೋಡ್ತಿರೋ ನೀವೇನು ಮಾಡಬಹುದು? ನೀವು ಸೈಟು ತಗೊಂಡವರಾದರೆ ಮೊದಲು ರೇರಾ ವೆಬ್‌ಸೈಟ್ ನೋಡಿ. 500 ಚದರ ಮೀಟರ್ ಮೀರಿದ ಲೇಔಟು 2016ರ ರೇರಾ ಕಾಯ್ದೆಯಡಿ ನೋಂದಣಿ ಆಗಬೇಕು, ನಿಮ್ಮಿಂದ ಪಡೆದ ದುಡ್ಡಲ್ಲಿ ಶೇ 70 ಪ್ರತ್ಯೇಕ ಖಾತೆಯಲ್ಲಿರಬೇಕು. ಆಮೇಲೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಒಂದು ಅರ್ಜಿ, ಹತ್ತು ರೂಪಾಯಿ. ಉದ್ದ ಭಾಷಣ ಬರೀಬೇಡಿ. ಪಾರ್ಕು ಮತ್ತು ಸಿಎ ಜಾಗ ಬಿಟ್ಟುಕೊಟ್ಟ ನೋಂದಾಯಿತ ಪತ್ರದ ನಕಲು, ಕೊನೇ ಕಂತಿನ ಸೈಟು ಬಿಡುಗಡೆಗೆ ಮುಂಚಿನ ಸ್ಥಳ ಪರಿಶೀಲನಾ ವರದಿ, ಆ ಲೇಔಟಿನಿಂದ ಕಟ್ಟಿಸಿಕೊಂಡ ಪ್ರತಿ ಶುಲ್ಕದ ರಸೀದಿ ಮತ್ತು ಅದು ಜಮೆಯಾದ ಲೆಕ್ಕದ ಶೀರ್ಷಿಕೆ, ಇಷ್ಟು ಕೇಳಿ. ಮೂವತ್ತು ದಿನದಲ್ಲಿ ಉತ್ತರ ಕೊಡಬೇಕು.

ವಾರ್ಡ್ ಸದಸ್ಯರಿಗೂ ಒಂದು ಮಾತು. ನಕ್ಷೆ ಮಂಜೂರು ಮಾಡೋ ಅಧಿಕಾರ ನಿಮಗಿಲ್ಲದೇ ಇರಬಹುದು. ಬಡಾವಣೆ ಹಸ್ತಾಂತರಕ್ಕೆ ಬಂದಾಗ "ನಾವು ಹೋಗಿ ನೋಡಿದ ಮೇಲೆ ತಗೋತೀವಿ" ಅಂತ ಸಾಮಾನ್ಯ ಸಭೆಯಲ್ಲಿ ಎದ್ದು ನಿಂತು ಹೇಳೋಕೆ ಯಾರ ಅಪ್ಪಣೆಯೂ ಬೇಕಿಲ್ಲ. ಆ ಮಾತು ನಡಾವಳಿ ಪುಸ್ತಕದಲ್ಲಿ ಬರೆಸಿ.

ನಮ್ಮ ಮಾವ ಅರ್ಜಿ ಹಾಕಿದರು. ಮೇಷ್ಟ್ರಲ್ವಾ, ಕೈಬರಹ ಮುತ್ತಿನ ಹಾಗಿದೆ. ಇಪ್ಪತ್ತೆಂಟನೇ ದಿನಕ್ಕೆ ಲಕೋಟೆ ಬಂತು. ಪಾರ್ಕಿನ ಜಾಗ ಬಿಟ್ಟುಕೊಟ್ಟ ಪತ್ರ ನೋಂದಣಿಯಾಗಿದೆಯಂತೆ, ನಕಲಿತ್ತು. ಸ್ಥಳ ಪರಿಶೀಲನಾ ವರದಿಯೂ ಇತ್ತು, ಅದರಲ್ಲಿ "ಉದ್ಯಾನವನಕ್ಕೆ ತಂತಿ ಬೇಲಿ ಅಳವಡಿಸಲಾಗಿದೆ" ಅಂತ ಬರೆದಿದೆ. ಮಾವ ಆ ಹಾಳೆಯನ್ನು ಲ್ಯಾಮಿನೇಷನ್ ಮಾಡಿಸಿ, ಜಾಲಿ ಗಿಡದ ಕೊಂಬೆಗೆ ಕಟ್ಟಿ, ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡು ನನಗೆ ವಾಟ್ಸಾಪ್ ಮಾಡಿದ್ದಾರೆ. ಹಿಂದೆ ಎಮ್ಮೆಗಳು ಕಾಣ್ತವೆ. ಬರೋ ತಿಂಗಳ ಸಾಮಾನ್ಯ ಸಭೆಗೆ ಇದೇ ಫೋಟೋ ದೊಡ್ಡದಾಗಿ ಪ್ರಿಂಟ್ ಹಾಕಿಸಿ ತಗೊಂಡು ಹೋಗ್ತಾರಂತೆ. ಲೇಔಟಿನ ಇನ್ನೂ ಹನ್ನೊಂದು ಮನೆಯವರು ಜೊತೆಗೆ ಬರ್ತೀನಿ ಅಂದಿದ್ದಾರೆ.